ಬಿಓಟಿ ಓದಿದವರಿಗೆ ಆಸ್ಪತ್ರೆ, ಥೆರಪಿ ಸೆಂಟರ್ ಬಿಟ್ಟರೆ ಬೇರೆ ಕೆಲಸ ಇದೆಯಾ?

ಬಿಓಟಿ, ಅಂದರೆ ಆಕ್ಯುಪೇಷನಲ್ ಥೆರಪಿ (ಓಟಿ: ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ನೆರವಾಗುವ ಚಿಕಿತ್ಸೆ) ಡಿಗ್ರಿ ಮುಗಿಸಿ ಮೂರು ವರ್ಷದಿಂದ ಮಕ್ಕಳ ಥೆರಪಿ ಸೆಂಟರಿನಲ್ಲಿದ್ದೀರಿ. ದಿನಕ್ಕೆ ಎಂಟೊಂಬತ್ತು ಸೆಷನ್, ಸಂಜೆ ಮನೆಯವರ ಜೊತೆ ಮಾತಾಡುವುದಕ್ಕೂ ತ್ರಾಣ ಉಳಿದಿರುವುದಿಲ್ಲ. ಎಂಬಿಎ ಮಾಡಿ ಈ ಫೀಲ್ಡೇ ಬಿಟ್ಟುಬಿಡಲಾ, ಇಲ್ಲ ಓಟಿ ಓದಿದ್ದಕ್ಕೆ ಬೇರೆ ಏನಾದರೂ ದಾರಿ ಇದೆಯಾ ಅಂತ ಕೇಳಿದ್ದೀರಿ.

ದಾರಿ ಇದೆ. ಐದು ವರ್ಷದ ಹಿಂದೆ ನಾನೂ ನಿಮ್ಮ ಜಾಗದಲ್ಲೇ ಇದ್ದೆ. 45 ನಿಮಿಷದ ಸೆಷನ್, ಒಂದರ ಬೆನ್ನಿಗೆ ಇನ್ನೊಂದು. ನಡುವೆ ನೀರು ಕುಡಿಯಲು ಎದ್ದರೆ ಯಾರಾದರೂ ಪೇರೆಂಟ್ ಫಿಲ್ಟರ್ ಹತ್ತಿರವೇ ಹಿಡಿದು ನಿಲ್ಲಿಸುತ್ತಿದ್ದರು. ಮಕ್ಕಳ ಮೇಲೆ ಬೇಜಾರು ಇರಲಿಲ್ಲ. ಆದರೆ ಒಂದು ದಿನ ಸ್ವಿಂಗ್ ತಳ್ಳುತ್ತಾ ತಳ್ಳುತ್ತಾ, ಎಷ್ಟು ಸಲ ತಳ್ಳಿದರೆ ಗಂಟೆ ಐದಾಗುತ್ತದೆ ಅಂತ ಲೆಕ್ಕ ಹಾಕುತ್ತಿದ್ದೆ. ಎದುರಿಗಿದ್ದ ಮಗು ಏನೋ ಕೇಳಿತು, ನನ್ನ ಕಿವಿಗೇ ಬೀಳಲಿಲ್ಲ. ಆವತ್ತು ಹೆದರಿಕೆಯಾಯಿತು.

ಈಗ ವಯಸ್ಸಾದವರ ಮನೆಗೆ ಹೋಗಿ, ಆ ಮನೆಯನ್ನು ಅವರ ಮೈಗೆ ಹೊಂದುವ ಹಾಗೆ ಮಾರ್ಪಾಡು ಮಾಡಿಸುತ್ತೇನೆ. ಸುಮ್ನೆ ಹೇಳಿದರೆ ಗೊತ್ತಾಗಲ್ಲ, ಒಂದು ಮನೆಯ ವಿಷಯ ಹೇಳುತ್ತೇನೆ.

ಮೈಸೂರಿನಲ್ಲಿ ಒಬ್ಬರು ಅಜ್ಜಿ. ಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ಮಗ ಅಮೆರಿಕದಿಂದಲೇ ವೀಲ್‌ಚೇರ್, ಕಮೋಡ್ ಚೇರ್, ಜಾರದ ಮ್ಯಾಟ್ ಎಲ್ಲಾ ಆರ್ಡರ್ ಮಾಡಿದ್ದರು. ನಾನು ಹೋದಾಗ ಕಮೋಡ್ ಚೇರಿನ ಮೇಲೆ ಒದ್ದೆ ಬಟ್ಟೆ ಒಣಗುತ್ತಿತ್ತು.

'ಯಾಕಜ್ಜಿ, ಇದರಲ್ಲಿ ಕೂರಲ್ವಾ?'

'ಅದರಲ್ಲಿ ಕೂತ್ರೆ ಕಾಲು ನೆಲಕ್ಕೆ ತಾಗಲ್ಲ ಕಣಮ್ಮ. ಕಟ್ಟೆ ಮೇಲೆ ಕೂತ ಮಗು ಥರ ಕಾಲು ಜೋತಾಡುತ್ತೆ.'

ಕುರ್ಚಿಯ ಕಾಲಿನಲ್ಲಿದ್ದ ಬಟನ್ ಒತ್ತಿದರೆ ಎತ್ತರ ಕಡಿಮೆಯಾಗುತ್ತದೆ. ಅದನ್ನು ಯಾರೂ ಅವರಿಗೆ ತೋರಿಸಿರಲಿಲ್ಲ, ಅಷ್ಟೇ.

ಆಮೇಲೆ 'ಸ್ನಾನಕ್ಕೆ ಹೇಗೆ ಹೋಗ್ತೀರಿ, ಬಟ್ಟೆ ಹಾಕ್ಕೊಂಡೇ ಒಂದ್ಸಲ ತೋರಿಸಿ' ಅಂದೆ. ಬಚ್ಚಲುಮನೆಗೆ ನಾಲ್ಕು ಇಂಚಿನ ಹೊಸ್ತಿಲು. ಅದನ್ನು ದಾಟುವಾಗ ಅಜ್ಜಿಯ ಎಡಗೈ ತಾನಾಗಿ ಟವೆಲ್ ರಾಡಿಗೆ ಹೋಯಿತು. ಎರಡು ಪುಟ್ಟ ಸ್ಕ್ರೂ ಮೇಲೆ ನಿಂತಿದ್ದ ರಾಡು. 'ದಾಟುವಾಗ ಏನು ಹಿಡ್ಕೋತೀರಿ' ಅಂತ ಬಾಯಲ್ಲಿ ಕೇಳಿದಾಗ 'ಏನೂ ಇಲ್ಲ' ಅಂದಿದ್ದರು. ಸುಳ್ಳಲ್ಲ, ಅವರಿಗೇ ಗೊತ್ತಿರಲಿಲ್ಲ.

ರಾಡು ತೆಗೆಸಿ, ಆ ಕೈ ಹೋದ ಜಾಗಕ್ಕೇ ಪೆನ್ಸಿಲಲ್ಲಿ ಗುರುತು ಹಾಕಿದೆ, ಗ್ರ್ಯಾಬ್ ಬಾರ್, ಅಂದರೆ ಹಿಡಿದುಕೊಳ್ಳುವ ಗಟ್ಟಿ ಕಂಬಿ ಹಾಕಿಸಲು. ಮೇಸ್ತ್ರಿಗೆ ಸಮಾಧಾನವಿಲ್ಲ. 'ಮೇಡಂ, ಟೈಲ್ಸ್ ಮಧ್ಯಕ್ಕೆ ಬಂದ್ರೆ ನೋಡೋಕೆ ಚೆನ್ನಾಗಿರುತ್ತೆ' ಅಂತ ಮೂರು ಸಲ ಹೇಳಿದರು. ಕೊನೆಗೆ ಗುರುತಿದ್ದ ಕಡೆಗೇ ಡ್ರಿಲ್ ಮಾಡಿದರು, ಮುಖ ಗಂಟು ಹಾಕಿಕೊಂಡು. ಬಕೆಟ್ಟನ್ನು ಗಟ್ಟಿ ಮಣೆಯ ಮೇಲೆ ಇಡಿಸಿದೆ, ಬಗ್ಗುವುದು ತಪ್ಪಿತು. ಎಲ್ಲಾ ಸೇರಿ ಆರು ಸಾವಿರ ದಾಟಲಿಲ್ಲ. ಮಗ ತರಿಸಿದ ಸಾಮಾನಿಗೆ ಅದಕ್ಕಿಂತ ಎಷ್ಟೋ ಜಾಸ್ತಿ ಖರ್ಚಾಗಿತ್ತು.

ಇದರಲ್ಲಿ ಹೊಸ ವಿದ್ಯೆ ಏನಾದರೂ ಕಂಡಿತಾ? ಇದು ನಾವು ಕಾಲೇಜಿನಲ್ಲಿ ಬೈದುಕೊಂಡು ಮಾಡಿದ ಆಕ್ಟಿವಿಟಿ ಅನಾಲಿಸಿಸ್. ಚಪಾತಿ ಲಟ್ಟಿಸುವುದನ್ನು ನಲವತ್ತು ಹೆಜ್ಜೆಯಾಗಿ ಒಡೆದು ಬರೆಯಿರಿ ಅಂತ ನಮಗೊಂದು ಅಸೈನ್‌ಮೆಂಟ್ ಕೊಟ್ಟಿದ್ದರು, ನಿಮಗೂ ಅಂಥದ್ದು ಬಂದಿರುತ್ತದೆ. ಆರ್ಕಿಟೆಕ್ಟ್‌ಗೆ ಗೋಡೆ ಗೊತ್ತು, ಫಿಸಿಯೋಗೆ ಸೊಂಟ ಗೊತ್ತು. ಆ ಸೊಂಟ ಆ ಗೋಡೆಯ ಪಕ್ಕ ಬೆಳಗ್ಗೆ ಆರಕ್ಕೆ ಏನು ಮಾಡುತ್ತದೆ ಅಂತ ನೋಡುವವರು ನಾವು. ಸೆಂಟರ್ ಬಿಟ್ಟ ಮೇಲೆ ನಾನು ಮಾರುತ್ತಿರುವುದು ಇದೊಂದನ್ನೇ.

'ಅಷ್ಟು ಓದಿ ಬಾತ್‌ರೂಮ್ ರಿಪೇರಿನಾ' ಅಂತ ನನ್ನ ಬ್ಯಾಚಿನವರೇ ನಕ್ಕಿದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟು. 1917ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಸಣ್ಣ ಊರಲ್ಲಿ ಅಮೆರಿಕದ ಓಟಿ ಸಂಘ ಹುಟ್ಟಿತು. ಆವತ್ತು ಸೇರಿದವರಲ್ಲಿ ಡಾಕ್ಟರ್ ಒಬ್ಬರೇ, ವಿಲಿಯಂ ಡಂಟನ್. ಜಾರ್ಜ್ ಬಾರ್ಟನ್ ಮತ್ತು ಥಾಮಸ್ ಕಿಡ್ನರ್ ಇಬ್ಬರೂ ಆರ್ಕಿಟೆಕ್ಟ್‌ಗಳು. ಸಭೆ ನಡೆದದ್ದೇ ಬಾರ್ಟನ್ ಮನೆಯಲ್ಲಿ. ಅವರಿಗೆ ಕ್ಷಯ ಬಂದಿತ್ತು, ಮೈಯ ಎಡಭಾಗ ಸ್ವಾಧೀನ ತಪ್ಪಿತ್ತು. ನಮ್ಮ ದೇಶದಲ್ಲಿ ಮಾತ್ರ ಓಟಿ ಶಾಲೆ ಶುರುವಾದದ್ದು ಆಸ್ಪತ್ರೆಯೊಳಗೆ. 1950ರಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಕಮಲಾ ನಿಂಬ್ಕರ್ ಅದನ್ನು ಕಟ್ಟಿದರು. ಅದಕ್ಕೋ ಏನೋ, ಆಸ್ಪತ್ರೆಯ ಗೇಟು ದಾಟಿದರೆ ವೃತ್ತಿಯನ್ನೇ ಬಿಟ್ಟ ಹಾಗೆ ಅಂತ ನಮಗೊಂದು ಅಳುಕು.

ನನ್ನ ಕೆಲಸವೇ ನಿಮಗೂ ಹಿಡಿಸಬೇಕು ಅಂತೇನಿಲ್ಲ. ಆಕ್ಸೆಸ್ ಆಡಿಟ್ ಇದೆ, ಅಂದರೆ ಅಂಗವಿಕಲರು ಒಂದು ಕಟ್ಟಡವನ್ನು ಸಲೀಸಾಗಿ ಬಳಸಬಹುದಾ ಅಂತ ಪರಿಶೀಲಿಸುವುದು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಬಂದ ಮೇಲೆ ಆಫೀಸು, ಕಾಲೇಜು, ಬ್ಯಾಂಕಿನವರು ತಮ್ಮ ಕಟ್ಟಡ ಸರಿ ಇದೆಯಾ ಅಂತ ಯೋಚಿಸಲೇಬೇಕಾಗಿದೆ. ಕೇಂದ್ರದ 2021ರ ಮಾರ್ಗಸೂಚಿಯನ್ನು ಕುಳಿತು ಓದಿ, ಅಳತೆಗಳೆಲ್ಲ ಅದರಲ್ಲಿವೆ. ರ‍್ಯಾಂಪಿಗೆ 1:12 ಅಂದರೆ, ಮೆಟ್ಟಿಲು 6 ಇಂಚು ಇದ್ದರೆ ರ‍್ಯಾಂಪು 6 ಅಡಿ ಉದ್ದ ಬೇಕು. ಎಷ್ಟೋ ಕಡೆ ಸ್ಕೂಟರ್ ಹತ್ತಿಸುವ ಕಡಿದಾದ ಇಳಿಜಾರನ್ನೇ ತೋರಿಸಿ 'ಇದೆಯಲ್ಲ ಮೇಡಂ' ಅನ್ನುತ್ತಾರೆ.

ಕಂಪ್ಯೂಟರ್ ಇಷ್ಟ ಇದ್ದರೆ ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಡಿಜಿಟಲ್ ಆಕ್ಸೆಸಿಬಿಲಿಟಿ ಕೆಲಸ ಸಿಗುತ್ತದೆ, ವೆಬ್‌ಸೈಟ್, ಆ್ಯಪ್‌ಗಳನ್ನು ಅಂಗವಿಕಲರೂ ಬಳಸುವ ಹಾಗೆ ಮಾಡುವುದು. ಈ ಕ್ಷೇತ್ರದ ಸರ್ಟಿಫಿಕೇಟಿಗೆ ಸಿಪಿಎಸಿಸಿ (CPACC) ಅಂತ ಒಂದು ಪರೀಕ್ಷೆ ಇದೆ, ಅದಕ್ಕೆ ಕೋಡಿಂಗ್ ಬೇಕಿಲ್ಲ. ಡಿಸೈನ್ ಕಡೆ ಒಲವಿದ್ದರೆ ಸೀಡ್ (CEED) ಪ್ರವೇಶ ಪರೀಕ್ಷೆ ಬರೆಯಬಹುದು, ಅದಕ್ಕೆ ನಮ್ಮ ಡಿಗ್ರಿ ನಡೆಯುತ್ತದೆ. ಎಂ.ಡಿಸೈನ್‌ಗೆ ಯಾವ ಡಿಗ್ರಿ ಒಪ್ಪುತ್ತಾರೆ ಅಂತ ಆಯಾ ಐಐಟಿಯಲ್ಲೇ ಕೇಳಿಕೊಳ್ಳಿ. ಅಂಗವಿಕಲರಿಗೆ ಕೆಲಸ ಕಲಿಸಿ ಕೊಡಿಸುವ ಎನೇಬಲ್ ಇಂಡಿಯಾ, ಎಪಿಡಿ ಥರದ ಸಂಸ್ಥೆಗಳು ಬೆಂಗಳೂರಿನಲ್ಲೇ ಇವೆ. ಯಾರಿಗೆ ಯಾವ ಕೆಲಸ ಒಗ್ಗುತ್ತದೆ ಅಂತ ನೋಡುವುದು ನೂರಕ್ಕೆ ನೂರು ಓಟಿ ಕೆಲಸ. ಆಫೀಸ್ ಎರ್ಗೊನಾಮಿಕ್ಸ್ (ಕೂತು ಕೆಲಸ ಮಾಡುವ ಜಾಗವನ್ನು ಮೈಗೆ ಹೊಂದಿಸುವುದು) ಬಗ್ಗೆ ನನಗೆ ಅಷ್ಟು ಉತ್ಸಾಹ ಇಲ್ಲ, ಬಹಳಷ್ಟು ಸಲ ಅದು ಕುರ್ಚಿ ಮಾರುವವರ ಭಾಷಣ. ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಹೊಲಿಯುವ ಹೆಣ್ಣುಮಕ್ಕಳ ಭುಜ, ಬೆನ್ನು ನೋಡಬೇಕಾದವರು ನಾವು. ಆದರೆ ಅಲ್ಲಿ ಕರೆಯುವವರಿಲ್ಲ. ಮೆಡಿಕಲ್ ಕೋಡಿಂಗ್ (ರೋಗ, ಚಿಕಿತ್ಸೆಯ ವಿವರವನ್ನು ಬಿಲ್ಲಿಗಾಗಿ ಕೋಡ್‌ಗಳಾಗಿ ಬರೆಯುವ ಕೆಲಸ) ಸಂಬಳ ಕೊಡುತ್ತದೆ, ಅದಕ್ಕೆ ಓಟಿಯೇ ಆಗಬೇಕಿಲ್ಲ. ಎಂಬಿಎಗೂ ಇದೇ ಮಾತು. ಆಸ್ಪತ್ರೆ ಆಡಳಿತ ನಿಜವಾಗಿ ಇಷ್ಟ ಇದ್ದರೆ ಮಾಡಿ, ಸುಸ್ತಾಗಿದೆ ಅಂತ ಮಾಡಬೇಡಿ.

ಇನ್ನು ದುಡ್ಡು. ಮೊದಲ ಎಂಟು ತಿಂಗಳು ನನಗೆ ತಿಂಗಳಿಗೆ ಎರಡೋ ಮೂರೋ ಮನೆ. ಶನಿವಾರ ಸೆಂಟರಿನಲ್ಲಿ ಸೆಷನ್ ಇಟ್ಟುಕೊಂಡೇ ಇದ್ದೆ, ಬಾಡಿಗೆ ಕಟ್ಟಬೇಕಲ್ಲ. ಜನ ಕಂಬಿಗೆ ದುಡ್ಡು ಕೊಡುತ್ತಾರೆ, ಸಲಹೆಗೆ ಕೊಡುವುದಿಲ್ಲ. ಫೋಟೋ, ಅಳತೆ ಹಾಕಿದ ಎರಡು ಪುಟದ ರಿಪೋರ್ಟ್ ಕೈಗೆ ಕೊಡಲು ಶುರು ಮಾಡಿದ ಮೇಲೆ ಚೌಕಾಸಿ ಕಡಿಮೆಯಾಯಿತು. ಅಂಗಡಿಯವರ ಕಮಿಷನ್ ಮುಟ್ಟಬೇಡಿ. ಒಂದು ಸಲ ತಗೊಂಡರೆ ನೀವು ಬೇಡದ ಕುರ್ಚಿಯನ್ನೂ ಬರೆಯುತ್ತೀರಿ. ಫಿಸಿಯೋಗಳ ಜೊತೆ ಚೆನ್ನಾಗಿರಿ, ನನ್ನ ಮೊದಲ ನಾಲ್ಕು ಕೇಸ್ ಕಳಿಸಿದ್ದು ಒಬ್ಬ ಫಿಸಿಯೋ. ಕಾರ್ಡಿನ ಮೇಲೆ 'ಓಟಿ' ಅಂತ ಮಾತ್ರ ಹಾಕಿಸಬೇಡಿ, ಆಪರೇಷನ್ ಥಿಯೇಟರಾ ಅಂತ ಕೇಳಿ ಕೇಳಿ ಸಾಕಾಗಿದೆ.

ರಾಜೀನಾಮೆ ಈಗಲೇ ಬೇಡ. ಮೊದಲು ಒಂದು ಭಾನುವಾರ ನಿಮ್ಮ ಅಜ್ಜಿಯದೋ ಪಕ್ಕದ ಮನೆಯವರದೋ ಬಚ್ಚಲುಮನೆ ನೋಡಿ, ಕೈ ಎಲ್ಲಿಗೆ ಹೋಗುತ್ತದೆ ಅಂತ ಬರೆದುಕೊಳ್ಳಿ. ಅದು ಬೋರ್ ಹೊಡೆಯದಿದ್ದರೆ, ಮೈಸೂರು ಕಡೆಯವರಾದರೆ, ಮನೆಯವರು ಒಪ್ಪಿದ ಒಂದು ವಿಸಿಟ್‌ಗೆ ನನ್ನ ಜೊತೆ ಬನ್ನಿ. ಅಳತೆ ಟೇಪು ನಾನೇ ತರುತ್ತೇನೆ.