ರಾಣಿಯನ್ನು ಕೊಡುವ ಮೊದಲಿನ ಹದಿನೈದು ನಡೆ

ನಮಸ್ಕಾರ.

‘ಸ್ಫೂರ್ತಿ ತುಂಬುವ ಮೂರು ಅಮರ ಆಟಗಳು’ ಎಂಬ ನಿಮ್ಮ ಲೇಖನ ಶಿವಮೊಗ್ಗಕ್ಕೆ ತಲುಪಿದೆ. ನಮ್ಮ ಚೆಸ್ ಪತ್ರಿಕೆಗೆ ತೀರ್ಥಹಳ್ಳಿ ಕಡೆಯಿಂದ ಬರಹ ಬರುವುದೇ ಅಪರೂಪ. ನಿಮ್ಮ ಭಾಷೆ ತಿಳಿಯಾಗಿದೆ, ಆಟದ ಮೇಲಿನ ಪ್ರೀತಿಯೂ ಎದ್ದು ಕಾಣುತ್ತದೆ. ಆದರೆ ಈಗಿರುವ ರೂಪದಲ್ಲಿ ಅಚ್ಚು ಹಾಕಲಾರೆ. ಏಕೆಂದು ಬಿಡಿಸಿ ಹೇಳುತ್ತೇನೆ, ಬೇಸರಿಸಬೇಡಿ.

ಮೊದಲು ಮಾರ್ಫಿಯ ಆಟ. 1858ರಲ್ಲಿ ಪ್ಯಾರಿಸ್‌ನ ಒಪೆರಾ ಮಂದಿರದಲ್ಲಿ ಅಮೆರಿಕದ ಆಟಗಾರ ಪಾಲ್ ಮಾರ್ಫಿ ಬಿಳಿ ಕಾಯಿ ಹಿಡಿದು ಆಡಿದ್ದು. ಎದುರಿಗೆ ಬ್ರನ್ಸ್‌ವಿಕ್‌ನ ಡ್ಯೂಕ್ ಮತ್ತು ಕೌಂಟ್ ಇಸ್ವಾರ್ ಸಮಾಲೋಚಿಸಿಕೊಂಡು ಆಡಿದರು. ನೀವು ಬರೆದಿರುವುದು ಹೀಗೆ: ‘ರಾಣಿಯನ್ನೇ ಬಲಿ ಕೊಡುವ ಎದೆಗಾರಿಕೆ ಇನ್ನಾರಿಗಿದೆ? 16ನೇ ನಡೆಯಲ್ಲಿ ಮಾರ್ಫಿ ಮಾಯೆ ಮಾಡಿಬಿಟ್ಟ.’

16ನೇ ನಡೆಗೆ ಎದೆಗಾರಿಕೆ ಏನೂ ಬೇಕಿರಲಿಲ್ಲ. ಬಿಳಿಯ ರಾಣಿ ಬಿ8ಕ್ಕೆ (ಅಕ್ಷರ ಹಲಗೆಯ ಉದ್ದಸಾಲು, ಅಂಕಿ ಅಡ್ಡಸಾಲು) ಬಂದು ಚೆಕ್ ಕೊಟ್ಟಾಗ ಕಪ್ಪಿಗೆ ಉಳಿದಿರುವುದು ಒಂದೇ ನಡೆ, ಡಿ7ರ ಕುದುರೆಯಿಂದ ರಾಣಿಯನ್ನು ಹೊಡೆಯುವುದು. ಇ7ಕ್ಕೆ ರಾಜ ಹೋಗುವಂತಿಲ್ಲ, ಜಿ5ರ ಒಂಟೆ ಅಲ್ಲಿಗೆ ಕಣ್ಣಿಟ್ಟಿದೆ. ಅಡ್ಡ ನಿಲ್ಲಿಸಲು ಯಾವ ಕಾಯಿಯೂ ಬರಲಾರದು. ಕುದುರೆ ಹೊಡೆಯುತ್ತಲೇ ಆನೆ ಡಿ8ಕ್ಕೆ ಬಂದು ಮೇಟ್, ರಾಜನಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಆ ಸ್ಥಿತಿಯನ್ನು ಹಲಗೆಯ ಮೇಲೆ ಜೋಡಿಸಿಕೊಟ್ಟರೆ ಶಾಲೆಯ ಹುಡುಗಿಯೂ ಹುಡುಕಿಬಿಡುತ್ತಾಳೆ. ಆ ಸ್ಥಿತಿ ಬಂದದ್ದು ಹೇಗೆ ಎಂಬುದನ್ನೇ ನೀವು ಬರೆಯಬೇಕಿತ್ತು. ಅದನ್ನು ನೀವು ಒಂದು ಸಾಲಿನಲ್ಲಿ ಮುಗಿಸಿದ್ದೀರಿ: ‘ಮೊದಲ ಹದಿನೈದು ನಡೆ ಸಾಮಾನ್ಯ ಆರಂಭ.’

ಈ ಸಾಲು ನನ್ನನ್ನು ಕೆರಳಿಸಿತು. ಆ ಹದಿನೈದು ನಡೆಗಳನ್ನು ನೋಡೋಣ.

3ನೇ ನಡೆಯಲ್ಲಿ ಕಪ್ಪಿನ ಒಂಟೆ ಜಿ4ಕ್ಕೆ ಬಂತು. ಮಾರ್ಫಿ ಇ5ರ ಕಾಲಾಳನ್ನು ಹೊಡೆದ. ಡಿ6ರ ಕಾಲಾಳಿನಿಂದ ತಕ್ಷಣ ತಿರುಗಿ ಹೊಡೆದರೆ ಡಿ8ರಲ್ಲಿ ರಾಣಿಗಳು ಬದಲಾಗುತ್ತವೆ, ಆಮೇಲೆ ಬಿಳಿಯ ಕುದುರೆ ಇ5ರ ಕಾಲಾಳನ್ನು ಪುಕ್ಕಟೆಯಾಗಿ ಎತ್ತುತ್ತದೆ. ಹಾಗಾಗಿ ಕಪ್ಪು ತಾನು ಹೊರತಂದಿದ್ದ ಒಂದೇ ಒಂಟೆಯನ್ನು ಎಫ್3ರ ಕುದುರೆಗೆ ಕೊಡಬೇಕಾಯಿತು. ಆ ಒಂಟೆಯನ್ನು ಹೊಡೆಯುತ್ತ ಬಿಳಿಯ ರಾಣಿ ಹೊರಬಂದಳು. 6ರಲ್ಲಿ ಒಂಟೆ ಸಿ4ಕ್ಕೆ, ಎಫ್7ರ ಮೇಲೆ ಮೇಟ್ ಬೆದರಿಕೆ. 7ರಲ್ಲಿ ರಾಣಿ ಬಿ3ಕ್ಕೆ, ಎಫ್7 ಮತ್ತು ಬಿ7 ಎರಡರ ಮೇಲೂ ಕಣ್ಣು.

ಇಲ್ಲಿ ನೀವು ‘ಡ್ಯೂಕ್ ಮತ್ತು ಕೌಂಟ್ ಬುದ್ಧಿಯಿಲ್ಲದೆ ಆಡಿದರು’ ಎಂದಿದ್ದೀರಿ. ಇದನ್ನು ಹೊಡೆದುಹಾಕಿ. ಅವರ 7ನೇ ನಡೆ, ರಾಣಿ ಇ7ಕ್ಕೆ, ಯೋಚಿಸಿ ಆಡಿದ್ದೇ. ಎಫ್7 ಉಳಿಯುತ್ತದೆ, ಬಿಳಿ ಬಿ7ರ ಕಾಲಾಳನ್ನು ತಿಂದರೆ ಕಪ್ಪಿನ ರಾಣಿ ಬಿ4ರಲ್ಲಿ ಚೆಕ್ ಕೊಟ್ಟು ರಾಣಿಗಳನ್ನು ಬದಲಾಯಿಸಿಕೊಳ್ಳಬಹುದು. ಆದರೆ ಇ7ರಲ್ಲಿ ನಿಂತ ರಾಣಿ ತನ್ನದೇ ಎಫ್8ರ ಒಂಟೆಯ ದಾರಿಗೆ ಅಡ್ಡವಾದಳು. ಆ ಒಂಟೆ ಹೊರಬರದೆ ರಾಜನಿಗೆ ಆ ಕಡೆ ಕ್ಯಾಸಲಿಂಗ್ (ರಾಜ, ಆನೆ ಒಂದೇ ನಡೆಯಲ್ಲಿ ಒಟ್ಟಿಗೆ ಸರಿಯುವುದು) ಇಲ್ಲ, ಎಚ್8ರ ಆನೆಗೆ ಕೆಲಸವಿಲ್ಲ. ಆಟ ಮುಗಿಯುವವರೆಗೂ ಅವೆರಡೂ ಕುಳಿತಲ್ಲಿಂದ ಕದಲಲಿಲ್ಲ. ಸೋಲಿನ ಬೇರು ಇಲ್ಲಿದೆ. ಎದುರಾಳಿಯನ್ನು ದಡ್ಡ ಎಂದುಬಿಟ್ಟರೆ ಓದುವ ಮಗುವಿಗೆ ಇದು ತಿಳಿಯುವುದೇ ಇಲ್ಲ, ನಾಳೆ ತಾನೂ ರಾಣಿಯನ್ನು ಅಲ್ಲೇ ಇಡುತ್ತದೆ.

8ನೇ ನಡೆ ನನಗೆ ಈ ಆಟದಲ್ಲೇ ಅತ್ಯಂತ ಪ್ರಿಯ. ಮಾರ್ಫಿ ಬಿ7ರ ಕಾಲಾಳನ್ನು ಮುಟ್ಟಲಿಲ್ಲ, ಕುದುರೆಯನ್ನು ಸಿ3ಕ್ಕೆ ತಂದ. ಕೈಗೆ ಬಂದ ಕಾಲಾಳನ್ನು ಬಿಟ್ಟು ಇನ್ನೊಂದು ಕಾಯಿಯನ್ನು ಹೊರತರುವ ಸಂಯಮ ಇಲ್ಲಿದೆ. ನಿಮ್ಮ ಲೇಖನದಲ್ಲಿ ಇದರ ಸುದ್ದಿಯೇ ಇಲ್ಲ. 9ರಲ್ಲಿ ಒಂಟೆ ಜಿ5ಕ್ಕೆ ಬಂದು ಎಫ್6ರ ಕುದುರೆಯನ್ನು ರಾಣಿಗೆ ಪಿನ್ ಮಾಡಿತು, ಅಂದರೆ ಕುದುರೆ ಸರಿದರೆ ಹಿಂದಿನ ರಾಣಿ ಹೋಗುತ್ತಾಳೆ. ಕಪ್ಪು ಬಿ5 ತಳ್ಳಿದಾಗ ಒಂಟೆ ಹಿಂದೆ ಸರಿದಿದ್ದರೆ ಎದುರಾಳಿಗೆ ಉಸಿರಾಡಲು ಸಮಯ ಸಿಗುತ್ತಿತ್ತು. ಮಾರ್ಫಿ 10ರಲ್ಲಿ ಕುದುರೆಯನ್ನೇ ಕೊಟ್ಟು ಎರಡು ಕಾಲಾಳು ಪಡೆದ, ಬಿ5ರಿಂದ ಚೆಕ್ ಕೊಟ್ಟ. ಎದೆಗಾರಿಕೆ ಎಂಬ ಮಾತನ್ನು ಬಳಸಲೇಬೇಕೆಂದಿದ್ದರೆ ಇಲ್ಲಿ ಬಳಸಿ. 12ರಲ್ಲಿ ರಾಣಿಯ ಕಡೆ ಕ್ಯಾಸಲಿಂಗ್: ಒಂದೇ ನಡೆಯಲ್ಲಿ ರಾಜ ಭದ್ರ, ಆನೆ ಡಿ ಸಾಲಿಗೆ. 13ರಲ್ಲಿ ಆ ಆನೆ ಡಿ7ರ ಕುದುರೆಯನ್ನು ಹೊಡೆದು ಬಲಿಯಾಯಿತು. 14ರಲ್ಲಿ ಮೂಲೆಯಲ್ಲಿದ್ದ ಎಚ್1ರ ಆನೆ ಡಿ1ಕ್ಕೆ ಬಂತು. ಬಿಳಿಯ ಒಂದು ಕಾಯಿಯೂ ಸುಮ್ಮನೆ ಕೂತಿಲ್ಲ.

ಕೊನೆಯ ಮೂರು ನಡೆಗಳಲ್ಲಿ ನೀವು ಗಮನಿಸದೇ ಹೋದದ್ದು ಎಫ್6ರ ಕುದುರೆ. 15ರಲ್ಲಿ ಒಂಟೆ ಡಿ7ರ ಆನೆಯನ್ನು ಹೊಡೆದು ಚೆಕ್ ಕೊಟ್ಟಾಗ ಈ ಕುದುರೆ ಒಂಟೆಯನ್ನು ಹೊಡೆಯಲು ಎಫ್6 ಬಿಟ್ಟು ಡಿ7ಕ್ಕೆ ಬಂತು. ಜಿ5ರ ಒಂಟೆಗೆ ಡಿ8ರವರೆಗೆ ದಾರಿ ತೆರೆಯಿತು. 16ರಲ್ಲಿ ರಾಣಿಯನ್ನು ಹೊಡೆಯಲು ಅದೇ ಕುದುರೆ ಡಿ7 ಬಿಟ್ಟು ಬಿ8ಕ್ಕೆ ಹೋಯಿತು. ಡಿ1ರ ಆನೆಗೆ ಇಡೀ ಸಾಲು ತೆರೆಯಿತು. ಎರಡೂ ಬಾಗಿಲನ್ನು ತೆರೆದದ್ದು ಕಪ್ಪಿನ ಒಂದೇ ಕುದುರೆ. ನೀವು ‘ಮಾಯೆ’ ಎಂದಿರುವ ಜಾಗದಲ್ಲಿ ಇದನ್ನು ಬರೆಯಿರಿ.

1851ರ ಲಂಡನ್ನಿನ ಆಂಡರ್ಸನ್–ಕೀಸೆರಿಟ್ಸ್ಕಿ ಆಟದಲ್ಲೂ ಇದೇ ದೋಷ. ‘ಎರಡು ಆನೆ, ಒಂದು ಒಂಟೆ, ರಾಣಿ ಕೊಟ್ಟು ಗೆದ್ದ, ಒಂದೂ ತಪ್ಪಿಲ್ಲದ ಆಟ’ ಎಂದಿದ್ದೀರಿ. ಬಲಿಯ ಲೆಕ್ಕ ಸರಿ, ತಪ್ಪಿಲ್ಲದ ಆಟ ಎಂಬುದು ಸರಿಯಲ್ಲ. 18ರಲ್ಲಿ ಕಪ್ಪು ಜಿ1ರ ಆನೆಯನ್ನು ತಿನ್ನುವ ಬದಲು ಎ1ರ ಆನೆಯನ್ನು ಚೆಕ್ ಸಮೇತ ತಿಂದು ರಾಣಿಯನ್ನು ಬಿ2ಕ್ಕೆ ಮರಳಿಸಿದ್ದರೆ ಹೋರಾಟ ಉಳಿಯುತ್ತಿತ್ತು. ಹಾಗಿದ್ದೂ ಆಟ ದೊಡ್ಡದೇ. ಇಷ್ಟೆಲ್ಲ ಬಲಿಗಳ ನಡುವೆ 19ರಲ್ಲಿ ಆಂಡರ್ಸನ್ ಆಡಿದ್ದು ಒಂದು ಕಾಲಾಳಿನ ನಡೆ, ಇ5. ಬಿ2ರಲ್ಲಿದ್ದ ಕಪ್ಪಿನ ರಾಣಿ ಜಿ7ನ್ನು ಕಾಯುತ್ತಿದ್ದ ಕರ್ಣರೇಖೆ ಅದರಿಂದ ಮುಚ್ಚಿತು. ಆದ್ದರಿಂದಲೇ 21ರಲ್ಲಿ ಕುದುರೆ ಜಿ7ನ್ನು ಹೊಡೆಯಲು ಸಾಧ್ಯವಾಯಿತು. ನಿಮ್ಮ ಲೇಖನದಲ್ಲಿ ಆ ಕಾಲಾಳಿನ ಹೆಸರೂ ಇಲ್ಲ.

ಎರಡನೆಯ ದೋಷ ನಡೆಗಳ ಬರವಣಿಗೆಯದು. ಮಾರ್ಫಿ ಆಟದ 11ನೇ ನಡೆಗೆ ಕಪ್ಪಿನ ಉತ್ತರವನ್ನು ‘ಕುದುರೆ ಡಿ7’ ಎಂದಷ್ಟೇ ಬರೆದಿದ್ದೀರಿ. ಯಾವ ಕುದುರೆ? ಬಿ8ರದ್ದೂ ಎಫ್6ರದ್ದೂ ಅಲ್ಲಿಗೆ ಬರಬಲ್ಲವು. ಎಫ್6ರದ್ದನ್ನು ಸರಿಸಿದರೆ ಜಿ5ರ ಒಂಟೆ ಇ7ರ ರಾಣಿಯನ್ನೇ ಹೊಡೆಯುತ್ತದೆ, ಅಲ್ಲಿಂದಾಚೆ ನೀವು ಕೊಟ್ಟ ಒಂದು ನಡೆಯೂ ಹೊಂದುವುದಿಲ್ಲ. ‘ಬಿ8ರ ಕುದುರೆ ಡಿ7ಕ್ಕೆ’ ಎಂದೇ ಬರೆಯಬೇಕು. ಹೊಸನಗರ, ಸಾಗರದ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ನೆಟ್‌ವರ್ಕ್ ಕೂಡ ಇರುವುದಿಲ್ಲ. ನಮ್ಮ ಓದುಗ ಮಕ್ಕಳು ಪತ್ರಿಕೆ ಮುಂದಿಟ್ಟುಕೊಂಡು ಹಲಗೆಯ ಮೇಲೆ ಆಡುತ್ತಾರೆ. ನಡೆ ಹೊಂದದಿದ್ದರೆ ಮಗು ತನಗೇ ಅರ್ಥವಾಗಲಿಲ್ಲ ಎಂದುಕೊಳ್ಳುತ್ತದೆಯೇ ಹೊರತು ಲೇಖಕನನ್ನು ಸಂಶಯಿಸುವುದಿಲ್ಲ. ಕೈಬರಹದಲ್ಲಿ ನಿಮ್ಮ ‘ಬಿ’, ‘ಡಿ’ ಕೂಡ ಒಂದೇ ಥರ ಕಾಣುತ್ತವೆ, ಬಿಡಿಸಿ ಬರೆಯಿರಿ.

ನಾನು ಬರೆಯಲು ಕಲಿತದ್ದು ಕೈಬರಹದ ಪತ್ರಿಕೆಯಲ್ಲಿ. ಅಲ್ಲೊಂದು ಪದ್ಧತಿಯಿತ್ತು: ಬರೆದವನು ನಡೆಗಳನ್ನು ಓದಬೇಕು, ಆ ಆಟವನ್ನು ಕಂಡಿರದ ಇನ್ನೊಬ್ಬ ಹಲಗೆಯ ಮೇಲೆ ಆಡಬೇಕು. ಆಡುವವನ ಕೈ ಎಲ್ಲಿ ತಡೆಯಿತೋ ಆ ನಡೆಯನ್ನು ತಿದ್ದಬೇಕು. ಅವನು ‘ಏಕೆ?’ ಎಂದು ಎಲ್ಲಿ ಕೇಳಿದನೋ ಅಲ್ಲಿ ಒಂದು ಟಿಪ್ಪಣಿ ಸೇರಿಸಬೇಕು. ನಮ್ಮ ಹಿರಿಯರು ಇದರಲ್ಲಿ ಯಾರಿಗೂ ವಿನಾಯಿತಿ ಕೊಡುತ್ತಿರಲಿಲ್ಲ. ಇಂದಿಗೂ ನಾನು ಹಾಗೆಯೇ ಮಾಡುತ್ತೇನೆ. ನಿಮ್ಮ ಮನೆಯಲ್ಲಿ ಆಟ ಬಲ್ಲ ತಮ್ಮನೋ ತಂಗಿಯೋ ಇದ್ದರೆ ಇಂದೇ ಕೂರಿಸಿಕೊಳ್ಳಿ.

ತಿದ್ದಿ ಕಳಿಸುವಾಗ ಮಾರ್ಫಿಯ ಆಟ ಒಂದೇ ಇರಲಿ. ಹದಿನೇಳೂ ನಡೆ ಪೂರ್ತಿ ಕೊಡಿ. ಎರಡು ಹಲಗೆ ಚಿತ್ರ ಸಾಕು: ಕಪ್ಪಿನ 7ನೇ ನಡೆಯಾದ ಮೇಲಿನದು, 9ನೇ ನಡೆಯಾದ ಮೇಲಿನದು. ಪ್ರತಿ ಚಿತ್ರದ ಕೆಳಗೆ ‘ಮುಂದಿನ ನಡೆಯನ್ನು ಮುಚ್ಚಿಕೊಂಡು ನೀವೇ ಹುಡುಕಿ’ ಎಂದು ಹಾಕಿ, ಉತ್ತರ ಮುಂದಿನ ಪುಟಕ್ಕೆ ಹೋಗಲಿ. ಟಿಪ್ಪಣಿ ಆರೇಳು ನಡೆಗಳಿಗೆ ಬೇಕು, ಎಲ್ಲಕ್ಕೂ ಬೇಡ. ‘ಅದ್ಭುತ’, ‘ಅಮೋಘ’ ತೆಗೆಯಿರಿ.

ನಿಮ್ಮ ಮೂರನೆಯ ಆಟಕ್ಕೆ, ಅಂದರೆ ಮುಂದೆ ವಿಶ್ವ ಚಾಂಪಿಯನ್ ಆದ ಬಾಬಿ ಫಿಷರ್ ಹದಿಮೂರರಲ್ಲಿದ್ದಾಗ 1956ರಲ್ಲಿ ನ್ಯೂಯಾರ್ಕ್‌ನಲ್ಲಿ ಡೊನಾಲ್ಡ್ ಬರ್ನ್ ವಿರುದ್ಧ ಕಪ್ಪು ಕಾಯಿ ಹಿಡಿದು ಆಡಿದ್ದಕ್ಕೆ, ಬೇರೆಯೇ ಲೇಖನ ಬೇಕು. ಅದನ್ನು ಬರೆದರೆ, ರಾಣಿ ಕೊಟ್ಟ 17ನೇ ನಡೆಯಿಂದ ಶುರು ಮಾಡಬೇಡಿ. 11ರಲ್ಲಿ ಕಪ್ಪು ಕುದುರೆ ಎ4ಕ್ಕೆ ಹೋದಲ್ಲಿಂದ ಹಿಡಿಯಿರಿ, ಸಿ3ರ ಕುದುರೆ ಅದನ್ನು ಹೊಡೆದರೆ ಇ4ರ ಕಾಲಾಳು ಏಕೆ ಉಳಿಯುವುದಿಲ್ಲ ಎಂಬುದನ್ನು ಮೊದಲು ತೋರಿಸಿ.