ತೊಟ್ಟಿಲು ಊರು ಬದಲಿಸುವಾಗ ತಪ್ಪುವ ಸೂಜಿ

ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಮಕ್ಕಳಿಗೆ ಸೂಜಿ (ಲಸಿಕೆ) ಎಲ್ಲಿ ಮಾಡಿಸ್ತಾರೆ ಅಂತ ಕೇಳಿದ್ದೀರಿ. ಅದೇನೂ ಕಷ್ಟವಲ್ಲ. ಹೆಚ್ಚಾಗಿ ಗುರುವಾರ, ಅಂಗನವಾಡಿಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಯಿ ಕಾರ್ಡ್ ಹಿಡಿದು ಹೋಗಬೇಕು, ಎಲ್ಲ ಪುಕ್ಕಟೆ. ನಿಮ್ಮ ಓಣಿಗೆ ಯಾವ ದಿನ ಅಂತ ಆಶಾ ಅಕ್ಕಾರನ್ನ ಕೇಳಿಕೊಳ್ಳಿ. ತೊಡಕು ಇರೋದು ಬಾಣಂತನದಲ್ಲಿ.

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರುಮನೆಯಲ್ಲಿ. ಹೆಸರು ಬರೆಸಿದ್ದು ಹುಬ್ಬಳ್ಳಿಯಲ್ಲಿ, ಹೆರಿಗೆ ಹಾನಗಲ್ಲಿನಲ್ಲಿ, ಮೂರಕ್ಕೋ ಐದು ತಿಂಗಳಿಗೋ ಕೂಸು ವಾಪಸ್ ಹುಬ್ಬಳ್ಳಿಗೆ. ಹುಟ್ಟಿದಾಗಿನ ಕ್ಷಯದ ಬಿಸಿಜಿ, ಪೋಲಿಯೊ ಹನಿ, 24 ತಾಸಿನೊಳಗಿನ ಹೆಪಟೈಟಿಸ್-ಬಿ ಆಸ್ಪತ್ರೆಯಲ್ಲೇ ಮುಗಿಯುತ್ತವೆ. 6, 10ನೇ ವಾರದವು ತವರಲ್ಲಿ ಆಗುತ್ತವೆ. 14ನೇ ವಾರ ಅಂದರೆ ಮೂರೂಕಾಲು ತಿಂಗಳು, ತೊಟ್ಟಿಲು ಹೊರಡೋ ಹೊತ್ತು. ತವರಿನ ಆಶಾ "ಹೋಗ್ಯಾರ" ಅಂತಾರೆ, ಗಂಡನ ಊರಿನ ಆಶಾ "ಇನ್ನೂ ಬಂದಿಲ್ಲ" ಅಂತಾರೆ. ಆ ಭೇಟಿ ಸಣ್ಣದಲ್ಲ: ಎಡತೊಡೆಗೆ ಐದು ರೋಗಕ್ಕೆ ಒಂದೇ ಸೂಜಿಯಾದ ಪೆಂಟಾವೇಲೆಂಟ್, ಬಲತೊಡೆಗೆ ನ್ಯುಮೋನಿಯಾದ ಪಿಸಿವಿ, ಬಲತೋಳಿಗೆ ಪೋಲಿಯೊ ಸೂಜಿ ಐಪಿವಿ, ಬಾಯಿಗೆ ಪೋಲಿಯೊ ಹನಿ ಮತ್ತು ಭೇದಿ ತಡೆಯುವ ರೋಟಾ. ಐದೂ ಒಟ್ಟಿಗೆ ತಪ್ಪುತ್ತವೆ.

ಹಾಗಾಗಿ ಹೊರಡುವ ಮುಂಚೆಯೇ ಗಂಡನ ಊರಿನ ಆಶಾಗೆ ಫೋನ್ ಮಾಡಿ, ಕಾರ್ಡಿನ ಎರಡೂ ಬದಿ ಫೋಟೊ ತೆಗೆದಿಡಿ, ಸರ್ಕಾರದ ಆನ್‌ಲೈನ್ ಲಸಿಕೆ ದಾಖಲೆಯಾದ ಯು-ವಿನ್‌ನಲ್ಲಿ ಯಾವ ಮೊಬೈಲ್ ನಂಬರ್ ಕೊಟ್ಟಿದ್ದೀರಿ ಅಂತ ಬರೆದುಕೊಳ್ಳಿ. ಗೋವಾಕ್ಕೆ ದುಡಿಯಲು ಹೋಗುವ ತಾಂಡಾದವರಿಗೂ ಇದೇ ಮಾತು. ಆ ಕಾರ್ಡ್ ಅಲ್ಲೂ ನಡೆಯುತ್ತದೆ. ತಡವಾಯಿತೆಂದು ಮೊದಲಿಂದ ಶುರು ಮಾಡಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸಿದರೆ ಸಾಕು. ಪೆಂಟಾ, ಪೋಲಿಯೊ ಹನಿ, ರೋಟಾದ ಎರಡು ಡೋಸಿನ ನಡುವೆ ಕನಿಷ್ಠ 4 ವಾರ ಇರಲಿ. ನೆಗಡಿ, ಸಣ್ಣ ಕೆಮ್ಮು ಇದ್ದರೆ ಮುಂದೂಡಬೇಡಿ.

ಮನೆಯಲ್ಲಿ ಹೆದರಿಕೆ ಹುಟ್ಟಿಸೋದು ಎರಡು. ಒಂದು, ಬಿಸಿಜಿ ಹಾಕಿದ ಎಡತೋಳಲ್ಲಿ ಕೆಲವು ವಾರದ ಮೇಲೆ ಏಳುವ ಗುಳ್ಳೆ. ಅದು ಕೀವು ತುಂಬಿ ಒಡೆದು, ಒಣಗಿ ಕಲೆಯಾಗೋದು ಸಹಜ. ಒತ್ತಬೇಡಿ, ಅರಿಷಿಣ, ಎಣ್ಣೆ ಹಚ್ಚಬೇಡಿ. ಇನ್ನೊಂದು ಪೆಂಟಾ ಆದ ರಾತ್ರಿಯ ಜ್ವರ. ಪ್ಯಾರಾಸಿಟಮಾಲ್ ಕೆಜಿಗೆ 10ರಿಂದ 15 ಮಿಗ್ರಾಂ ಲೆಕ್ಕ. 5 ಕೆಜಿ ಕೂಸಿಗೆ 50ರಿಂದ 75. ಎಡವಟ್ಟಾಗೋದು ಇಲ್ಲೇ: ಹನಿ ಔಷಧದ 1 ಎಂಎಲ್‌ನಲ್ಲಿ 100 ಮಿಗ್ರಾಂ, 5 ಎಂಎಲ್‌ಗೆ 125 ಮಿಗ್ರಾಂ ಇರುವ ಸಿರಪ್‌ನ 1 ಎಂಎಲ್‌ನಲ್ಲಿ 25 ಮಾತ್ರ. ಅಂದರೆ ಹನಿಯಾದರೆ ಅರ್ಧದಿಂದ ಮುಕ್ಕಾಲು ಎಂಎಲ್, ಆ ಸಿರಪ್ ಆದರೆ 2ರಿಂದ 3. ಸಿರಪ್ಪಿನ ಅಳತೆಯಲ್ಲಿ ಹನಿ ಔಷಧ ಕುಡಿಸಿದರೆ ನಾಲ್ಕು ಪಟ್ಟು ಹೋಗುತ್ತದೆ. ದಯವಿಟ್ಟು ಬಾಟಲಿ ಮೇಲಿನ ಚೀಟಿ ಓದಿ. ಸೂಜಿ ಆದ ಮೇಲೆ ಅರ್ಧ ತಾಸು ಅಲ್ಲೇ ಕೂತಿರಿ.

9 ತಿಂಗಳು ತುಂಬಿದ ಮೇಲೆ ದಡಾರ-ರುಬೆಲ್ಲಾ, 16ರಿಂದ 24 ತಿಂಗಳೊಳಗೆ ಅದರ ಎರಡನೆಯದು. ಇದರ ಪುಡಿಯನ್ನು ದ್ರಾವಣದಲ್ಲಿ ಕಲಸಿದ ಮೇಲೆ 4 ತಾಸಿಗಿಂತ ಹೆಚ್ಚು ಇಡುವಂತಿಲ್ಲ, ಅದಕ್ಕೇ ಬೆಳಿಗ್ಗೆಯೇ ಹೋಗಿ. ಒಂದೇ ಕೂಸು ಬಂದರೂ ಸೀಸೆ ತೆರೆಯಬೇಕೆಂಬುದೇ ನಿಯಮ, "ಮುಂದಿನ ವಾರ ಬರ್ರಿ" ಅಂದರೆ ವಿನಯದಿಂದಲೇ ಕೇಳಿ ಹಾಕಿಸಿಕೊಳ್ಳಿ.

ಹಿರಿಯರ ಫ್ಲೂ, ನ್ಯುಮೋನಿಯಾ ಸೂಜಿಗೆ ಖಾಸಗಿಯಲ್ಲಿ ದುಡ್ಡು ಕೊಡಬೇಕು. ಫ್ಲೂ ಸೂಜಿ ವರ್ಷಕ್ಕೊಮ್ಮೆ. ಮೈಗೆ ಹತ್ತಲು ಎರಡು ವಾರ ಬೇಕು, ಮಳೆಗಾಲಕ್ಕೆ ಮುಂಚೆ ಮೇ ತಿಂಗಳಲ್ಲೇ ಮಾಡಿಸಿ. ಅಂಗಡಿಯಿಂದ ತಂದು ಮನೆಯ ಫ್ರಿಜ್ಜಿನ ಬರ್ಫದ ಖಾನೆಯಲ್ಲಿಟ್ಟರೆ ಅದು ಕೆಟ್ಟಂತೆ; ಇರಬೇಕಾದ್ದು 2ರಿಂದ 8 ಡಿಗ್ರಿಯಲ್ಲಿ. ಹೊಲದಲ್ಲಿ ಕುಡಗೋಲು ತಾಗಿದಾಗೆಲ್ಲ ಜನ "ಟಿಟಿ" ಕೇಳುತ್ತಾರೆ. ಈಗ ಕೊಡೋದು ಟಿಡಿ, ಅಂದರೆ ಧನುರ್ವಾಯು ಜೊತೆ ಗಂಟಲಮಾರಿಗೂ ಸೇರಿದ ಸೂಜಿ. ಹಿಂದಿನ ಡೋಸುಗಳು ಪೂರ್ತಿಯಾಗಿ, ಕೊನೆಯದಕ್ಕೆ ಹತ್ತು ವರ್ಷ ಆಗಿರದಿದ್ದರೆ ಸಣ್ಣ, ಸ್ವಚ್ಛ ಗಾಯಕ್ಕೆ ಬೇಡ; ಮಣ್ಣು, ಸಗಣಿ ತಾಗಿದ ಗಾಯಕ್ಕೆ ಐದು ವರ್ಷದ ಲೆಕ್ಕ. ಅಜ್ಜ-ಅಜ್ಜಿಗೆ ತಾಯಿ ಕಾರ್ಡ್ ಇರೋದಿಲ್ಲ, ಸೂಜಿ ಮಾಡಿಸಿದ ತಾರೀಖು ಬರೆದು ಬಿಪಿ-ಶುಗರ್ ಚೀಟಿ ಇಡುವ ಚೀಲದಲ್ಲೇ ಇಡಿ.