ಬೇಸ್ ಗಿಟಾರಿನ ದನಿ ಮಂಕಾಗಿದೆ, ಏನು ಬದಲಿಸಲಿ?

ಪ್ರಶ್ನೆ: ನನ್ನದು ಕಡಿಮೆ ಬೆಲೆಯ ನಾಲ್ಕು ತಂತಿಯ ಬೇಸ್. ಬ್ಯಾಂಡ್ ಜೊತೆ ನುಡಿಸುವಾಗ ದನಿ ಮಂಕಾಗಿ ಕೇಳುತ್ತದೆ. ಹೊಸ ಪಿಕಪ್ (ತಂತಿಯ ಕೆಳಗಿನ ಆಯಸ್ಕಾಂತದ ಭಾಗ) ಹಾಕಿಸಲೋ, ಪ್ರಿಆಂಪ್ (ಬೇಸ್ ಒಳಗೆ ಕೂರುವ, ದನಿ ಹೊಂದಿಸುವ ಸರ್ಕ್ಯೂಟ್) ಹಾಕಿಸಲೋ?
– ಓದುಗರೊಬ್ಬರು, ಹಾಸನ

ಉತ್ತರ: ಸದ್ಯಕ್ಕೆ ಎರಡೂ ಬೇಡ. ತಂತಿ ಎಷ್ಟು ಹಳೆಯದು ಅಂತ ನೀವು ಹೇಳಲೇ ಇಲ್ಲವಲ್ಲ! ಬೆವರು, ಕೊಳೆ ತಂತಿಯ ಸುತ್ತುಗಳ ಸಂದಿಯಲ್ಲಿ ಕೂತಿದ್ದರೆ ಎಷ್ಟೇ ದುಬಾರಿ ಪಿಕಪ್ ಹಾಕಿದರೂ ಹೊಳಪು ಬರುವುದಿಲ್ಲ, ಪಿಕಪ್ ಹಿಡಿಯುವುದು ತಂತಿಯ ಕಂಪನವನ್ನೇ ಅಲ್ವಾ. ಹಳೆಯದಾಗಿದ್ದರೆ ಮೊದಲು ತಂತಿ ಬದಲಿಸಿ. ಸ್ಟೀಲ್ ರೌಂಡ್‌ವೌಂಡ್ (ದುಂಡು ತಂತಿ ಸುತ್ತಿದ್ದು) ಜಾಸ್ತಿ ಚುರುಕು, ನಿಕಲ್ ಸ್ವಲ್ಪ ಮೆತ್ತಗೆ. ಫ್ಲ್ಯಾಟ್‌ವೌಂಡ್ (ಚಪ್ಪಟೆ ಪಟ್ಟಿ ಸುತ್ತಿದ್ದು) ಬೇರೆಯೇ ರುಚಿ, ದನಿ ಮಂದ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ತಮ್ಮ ಫೆಂಡರ್ ಪ್ರಿಸಿಷನ್ ಬೇಸ್‌ನಲ್ಲಿ ಹಳೇ ಫ್ಲ್ಯಾಟ್‌ವೌಂಡ್ ತಂತಿಗಳನ್ನೇ ಇಟ್ಟುಕೊಂಡಿದ್ದರು; ಅವರಿಗೆ ಬೇಕಿದ್ದದ್ದೇ ಆ ದನಿ.

ಆಮೇಲೆ ಸ್ಕ್ರೂಡ್ರೈವರ್ ಹಿಡಿದು ಪಿಕಪ್ ಅನ್ನು ತಂತಿಗೆ ತುಸು ಹತ್ತಿರ ತನ್ನಿ, ದನಿ ಜೋರಾಗುತ್ತದೆ. ತೀರಾ ಹತ್ತಿರ ಬಂದರೆ ಅದರ ಆಯಸ್ಕಾಂತ ತಂತಿಯನ್ನು ಎಳೆದು ಶ್ರುತಿಯೇ ಕೆಡಬಹುದು. ಗುಂಯ್ ಅನ್ನುವ ಸದ್ದಿನ ಕಾಟ ಇದ್ದರೆ ಮಾತ್ರ ಹಮ್ ಕಳೆಯುವ ಪಿಕಪ್ಪಿಗೆ ದುಡ್ಡು ಹಾಕಿ.

ಪ್ರಿಆಂಪ್ ಕೊನೆಗಿರಲಿ. ಅದು ಇರುವ ದನಿಯನ್ನು ಏರಿಸಿ ಇಳಿಸುತ್ತದೆ ಅಷ್ಟೇ, ಇಲ್ಲದ್ದನ್ನು ಹುಟ್ಟಿಸುವುದಿಲ್ಲ. ಹಾಕಿಸಿದರೆ ನುಡಿಸಿದ ಮೇಲೆ ಕೇಬಲ್ ಕಿತ್ತಿಡಿ, ಇಲ್ಲವಾದರೆ ಅದರ 9 ವೋಲ್ಟ್ ಬ್ಯಾಟರಿ ಸುಮ್ನೆ ಖಾಲಿಯಾಗುತ್ತದೆ.